ಫೋನಿಗೂ ಆಸ್ಪತ್ರೆಗೂ ನಡುವಿನ ದಾರಿ

ಪುಟ್ಟಣ್ಣ ಕಣಗಾಲರ ‘ಶರಪಂಜರ’ ತೆರೆಗೆ ಬಂದದ್ದು 1970ರ ದಶಕದ ಆರಂಭದಲ್ಲಿ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿ, ಹೆರಿಗೆಯ ನಂತರ ಮನಸ್ಸಿನ ಹತೋಟಿ ತಪ್ಪಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ಕತೆ ಕೆಡುವುದು ಅವಳು ಮನೆಗೆ ಮರಳಿದ ಮೇಲೆ. ಗಂಡ ಅನುಮಾನದಿಂದ ನೋಡುತ್ತಾನೆ, ನೆರೆಹೊರೆಯವರು ದೂರ ಸರಿಯುತ್ತಾರೆ, ಅವಳು ಜೋರಾಗಿ ನಕ್ಕರೂ ಅತ್ತರೂ ಅದಕ್ಕೊಂದು ಹೆಸರಿಡುತ್ತಾರೆ. ಕೊನೆಗೆ ಕಾವೇರಿ ಮತ್ತೆ ಅದೇ ಆಸ್ಪತ್ರೆ ಸೇರುತ್ತಾಳೆ.

ಐವತ್ತು ವರ್ಷ ಕಳೆದಿವೆ. ಇವತ್ತು ಕರ್ನಾಟಕದಲ್ಲಿ ಮನೆಯೊಂದರಲ್ಲಿ ಮಾನಸಿಕ ಬಿಕ್ಕಟ್ಟು ಎದ್ದರೆ ಎಲ್ಲಿಗೆ ಹೋಗಬೇಕು, ಯಾರನ್ನು ಕರೆಯಬೇಕು ಎಂದು ಹುಡುಕುತ್ತ ಹೊರಟರೆ ಆಶ್ಚರ್ಯ ಕಾದಿದೆ. ಜನ ಅಂದುಕೊಂಡದ್ದಕ್ಕಿಂತ ಹೆಚ್ಚು ಬಾಗಿಲುಗಳು ತೆರೆದಿವೆ. ಇಪ್ಪತ್ತನಾಲ್ಕು ಗಂಟೆಯೂ ಎತ್ತುವ ಫೋನಿದೆ, ಇಪ್ಪತ್ತನಾಲ್ಕು ಗಂಟೆಯೂ ನಡೆಯುವ ತುರ್ತು ಚಿಕಿತ್ಸಾ ವಿಭಾಗವಿದೆ, ರೋಗಿಯ ಪರವಾದ ಕಾನೂನಿದೆ. ಇಲ್ಲದಿರುವುದು ನಡುವಿನ ಎರಡು ತುಂಡು ದಾರಿ. ಒಂದು, ಮನೆಯಿಂದ ಆಸ್ಪತ್ರೆಯವರೆಗಿನದು. ಇನ್ನೊಂದು, ಆಸ್ಪತ್ರೆಯಿಂದ ಮನೆಗೆ ಮರಳುವುದು. ಈ ಎರಡನ್ನೂ ಕುಟುಂಬ ಒಂಟಿಯಾಗಿಯೇ ನಡೆಯಬೇಕು.

ಸಮಸ್ಯೆಯ ಗಾತ್ರ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ 13,606 ಮಂದಿ ಕರ್ನಾಟಕದವರು. ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶಗಳ ನಂತರದ ಸ್ಥಾನ ನಮ್ಮದು. ಕಾರಣಗಳ ಪಟ್ಟಿಯಲ್ಲಿ ಮೊದಲು ಬರುವುದು ‘ಕೌಟುಂಬಿಕ ಸಮಸ್ಯೆ’, ಆಮೇಲೆ ‘ಕಾಯಿಲೆ’. ಪೊಲೀಸ್ ಠಾಣೆಯ ದಾಖಲೆಯಿಂದ ಬಂದ ಈ ಎರಡು ಪದಗಳ ಒಳಗೆ ಏನೇನು ಅಡಗಿದೆಯೋ, ಅಂಕಿಅಂಶ ಹೇಳುವುದಿಲ್ಲ. 2015–16ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಮುಂದಾಳತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಇದೆ ಎಂದಿತು. ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92. ವಿಚಿತ್ರವೆಂದರೆ ಆ ಸಮೀಕ್ಷೆಯ ಪೂರ್ವಭಾವಿ ಪ್ರಯೋಗ ನಡೆದದ್ದು ಕೋಲಾರದಲ್ಲಿ. ಆದರೆ ಮುಖ್ಯ ಸಮೀಕ್ಷೆಯ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಬಿಕ್ಕಟ್ಟು ಎಂದರೆ ಎಲ್ಲ ಮನೆಯಲ್ಲೂ ಒಂದೇ ಮುಖ ಹೊತ್ತು ಬರುವುದಿಲ್ಲ. ‘ನಾನಿದ್ದು ಏನು ಪ್ರಯೋಜನ’ ಎನ್ನುತ್ತ ಊಟ ಬಿಟ್ಟು ಕೂತ ಅಪ್ಪ. ಮೂರು ರಾತ್ರಿಯಿಂದ ನಿದ್ದೆಯಿಲ್ಲದೆ, ಊರವರೆಲ್ಲ ಸೇರಿ ತನ್ನನ್ನು ಮುಗಿಸುತ್ತಾರೆಂದು ಬಾಗಿಲಿಗೆ ಮಂಚ ಅಡ್ಡವಿಟ್ಟ ತಮ್ಮ. ಸಾಲ ಮಾಡಿ ಕೈಗೆ ಸಿಕ್ಕಿದವರಿಗೆಲ್ಲ ಹಣ ಹಂಚುತ್ತಿರುವ ಅಕ್ಕ. ಇವರೆಲ್ಲರಿಗೂ ಮನೋವೈದ್ಯರೇ ಬೇಕು. ಆದರೆ ಮೇಲ್ನೋಟಕ್ಕೆ ಹುಚ್ಚಿನಂತೆ ಕಂಡು, ಮೊದಲು ಸಾಮಾನ್ಯ ಆಸ್ಪತ್ರೆಯ ಕ್ಯಾಶುಯಾಲ್ಟಿಗೇ ಹೋಗಬೇಕಾದ ಕೆಲವು ಸ್ಥಿತಿಗಳಿವೆ. ಇವು ಗೊತ್ತಿಲ್ಲದೆ ಜೀವ ಹೋಗುವುದುಂಟು.

ಎಷ್ಟೋ ವರ್ಷ ದಿನವೂ ಕುಡಿಯುತ್ತಿದ್ದವರು ವ್ರತಕ್ಕೆಂದೋ ಜ್ವರ ಬಂದಿತೆಂದೋ ದಿಢೀರನೆ ಕುಡಿತ ನಿಲ್ಲಿಸುತ್ತಾರೆ. ಎರಡು ಮೂರು ದಿನಗಳಲ್ಲಿ ಕೈ ನಡುಕ, ಬೆವರು, ಇಲ್ಲದ ಹುಳುಹುಪ್ಪಟೆ ಕಾಣುವುದು, ದಿಕ್ಕುತಪ್ಪಿದ ಮಾತು ಶುರುವಾಗುತ್ತದೆ. ಮನೆಯವರು ‘ಗಾಳಿ ಸೋಕಿದೆ’ ಎನ್ನುತ್ತಾರೆ. ಇದು ಮದ್ಯ ಬಿಟ್ಟಾಗಿನ ಸನ್ನಿ; ಫಿಟ್ಸ್ ಬಂದು ಸಾಯುವ ಅಪಾಯವಿರುವ ವೈದ್ಯಕೀಯ ತುರ್ತು. ಮುದುಕರಲ್ಲಿ ರಾತ್ರೋರಾತ್ರಿ ಗುರುತು ತಪ್ಪಿದರೆ ಕಾರಣ ಮೂತ್ರದ ಸೋಂಕೋ, ಸೋಡಿಯಂ ಇಳಿದದ್ದೋ, ಸಕ್ಕರೆ ಕುಸಿದದ್ದೋ ಆಗಿರಬಹುದು. ‘ಗಂಟೆಗಳ ಹಿಂದೆ ಚೆನ್ನಾಗಿದ್ದರು’ ಎಂಬ ಮಾತು ಬಂದರೆ ಮೊದಲು ರಕ್ತಪರೀಕ್ಷೆ, ಆಮೇಲೆ ಉಳಿದದ್ದು.

ಕಾವೇರಿಯ ಕಾಯಿಲೆ ಬೇರೆ ಸಾಲಿನದು. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಬಾಣಂತಿಗೆ ನಿದ್ದೆ ಹಾರಿ, ಮಗುವಿನ ಬಗ್ಗೆ ವಿಪರೀತ ಅನುಮಾನ, ಭಯ ಶುರುವಾದರೆ ಕಾಯುವಂತಿಲ್ಲ. ತಾಯಿಗೂ ಮಗುವಿಗೂ ಅಪಾಯ. ನಿಮ್ಹಾನ್ಸ್ 2009ರಲ್ಲಿ ತಾಯಿ–ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗ ತೆರೆಯಿತು. ದೇಶದಲ್ಲಿ ಈ ಬಗೆಯದು ಅದೇ ಮೊದಲು. ಹಾಲು ಕುಡಿಯುವ ಮಗುವನ್ನು ಬಿಡಿಸಿ ತಾಯಿಯನ್ನು ಒಬ್ಬಳೇ ವಾರ್ಡಿಗೆ ಹಾಕುತ್ತಿದ್ದ ಕಾಲದಿಂದ ಇಲ್ಲಿಗೆ ಬಂದದ್ದು ದೊಡ್ಡ ಹೆಜ್ಜೆ.

ಇನ್ನು ಫೋನಿನ ಮಾತು. 2022ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಬೆಂಗಳೂರಿನ ನಿಮ್ಹಾನ್ಸ್‌ನಿಂದಲೇ ಚಾಲನೆಗೊಂಡದ್ದು ಟೆಲಿ ಮಾನಸ್. ಸಂಖ್ಯೆ 14416. ತಂತ್ರಜ್ಞಾನದ ಬೆಂಬಲ ಬೆಂಗಳೂರಿನದೇ ಆದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. ದುಡ್ಡು ಕೊಡಬೇಕಿಲ್ಲ. ಇಪ್ಪತ್ತು ಭಾಷೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಾದ್ದರಿಂದ ಪುಣೆಯಲ್ಲಿ ಕೆಲಸಕ್ಕಿರುವ ವಿಜಯಪುರದ ಹುಡುಗನಿಗೂ ತನ್ನ ಸಂಕಟವನ್ನು ಹಿಂದಿಗೆ ತಿರುಗಿಸಿ ಹೇಳಿಕೊಳ್ಳುವ ಕಷ್ಟವಿಲ್ಲ. ಮೊದಲು ಮಾತಾಡುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ವಿಷಯ ಗಂಭೀರವಾಗಿದ್ದರೆ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಮುಂದುವರಿಸುತ್ತಾರೆ. ಬೇಕಾದರೆ ಹತ್ತಿರದ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೋ ವೈದ್ಯಕೀಯ ಕಾಲೇಜಿಗೋ ಜೋಡಿಸಿಕೊಡುತ್ತಾರೆ. ಮೊದಲ ಎರಡು ವರ್ಷಗಳಲ್ಲೇ ಕರೆಗಳ ಸಂಖ್ಯೆ ಹತ್ತು ಲಕ್ಷ ದಾಟಿತು. ಇದಕ್ಕೂ ಎಷ್ಟೋ ಮೊದಲೇ ಬೆಂಗಳೂರಿನ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ ‘ಸಹಾಯ್’ ಎಂಬ ಆತ್ಮಹತ್ಯೆ ತಡೆ ಸಹಾಯವಾಣಿ ಆರಂಭಿಸಿತ್ತು. ಚೆನ್ನೈನಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ 1986ರಲ್ಲೇ ‘ಸ್ನೇಹಾ’ ಕಟ್ಟಿದ್ದರು.

ಸಂಕಟದಲ್ಲಿರುವವರೇ ಕರೆ ಮಾಡಬೇಕೆಂದಿಲ್ಲ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಹೆಂಡತಿ, ಅಣ್ಣ, ಹಾಸ್ಟೆಲ್ ವಾರ್ಡನ್, ಸ್ನೇಹಿತ, ಯಾರು ಬೇಕಾದರೂ ಮಾಡಿ ‘ನಮ್ಮವರು ಹೀಗೆ ಆಡುತ್ತಿದ್ದಾರೆ, ನಾವೇನು ಮಾಡಬೇಕು’ ಎಂದು ಕೇಳಬಹುದು. ಹೀಗೆ ಕರೆ ಮಾಡುವ ಮುನ್ನ ನಾಲ್ಕು ವಿಷಯ ಕೈಯಲ್ಲಿದ್ದರೆ ಮಾತು ಬೇಗ ಮುಂದೆ ಹೋಗುತ್ತದೆ: ಯಾವತ್ತಿನಿಂದ ಬದಲಾವಣೆ, ಈಗ ಯಾವ ಗುಳಿಗೆ ನಡೆಯುತ್ತಿದೆ, ಯಾವುದನ್ನು ನಿಲ್ಲಿಸಿದ್ದಾರೆ, ಸಾಯುವ ಮಾತು ಬಂದಿದೆಯೇ. ಕೊನೆಯದನ್ನು ಕೇಳಲು ಮನೆಯವರು ಹಿಂಜರಿಯುತ್ತಾರೆ. ‘ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಿತ್ತಿದಂತಾಗುತ್ತದೆ’ ಎಂಬ ಭಯ. ಸಂಶೋಧನೆಗಳು ಇದನ್ನು ಮತ್ತೆ ಮತ್ತೆ ಅಲ್ಲಗಳೆದಿವೆ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ, ಗದರದೆ ಕೇಳಿದಾಗ ಬಹಳ ಜನರಿಗೆ ಎದೆ ಹಗುರಾಗುತ್ತದೆ. ಉತ್ತರ ‘ಹೌದು’ ಎಂದು ಬಂದರೆ ಉಪದೇಶ ಬೇಡ, ದೇವರ ಮೇಲಿನ ಆಣೆಯೂ ಬೇಡ. ಅವರನ್ನು ಒಬ್ಬರನ್ನೇ ಬಿಡದೆ ಜತೆಗೆ ಕೂರುವುದು, 14416 ಒತ್ತುವುದು, ಅಪಾಯ ಕೈಗೆಟಕುವಷ್ಟು ಹತ್ತಿರವಿದ್ದರೆ ತುರ್ತು ಸಹಾಯದ 112ಕ್ಕೋ ಆಂಬುಲೆನ್ಸಿನ 108ಕ್ಕೋ ಕರೆ ಮಾಡುವುದು.

ಆದರೆ ಫೋನಿಗೆ ಕೈಕಾಲಿಲ್ಲ. ಅಮೆರಿಕ 2022ರ ಜುಲೈನಲ್ಲಿ 988 ಎಂಬ ಮೂರಂಕಿಯ ಸಂಖ್ಯೆ ತಂದಾಗ ಅಲ್ಲಿನ ಸರ್ಕಾರ ಮುಂದಿಟ್ಟ ಗುರಿ ಮೂರು: ಮಾತಾಡಲು ಒಬ್ಬರು, ಮನೆಗೆ ಬರಲು ಒಬ್ಬರು, ಹೋಗಲು ಒಂದು ಜಾಗ. ಅಲ್ಲಿಯೂ ನಡುವಿನದು ಎಲ್ಲೆಡೆ ನೆರವೇರಿಲ್ಲ. ಇಲ್ಲಿ ಮೊದಲನೆಯದಿದೆ, ಮೂರನೆಯದು ತಕ್ಕಮಟ್ಟಿಗಿದೆ. ಮನೆಗೆ ಬರುವ ಎರಡನೆಯವರ ಕೆಲಸವನ್ನು ನಾವು ಅಣ್ಣತಮ್ಮಂದಿರಿಗೆ, ಪಕ್ಕದ ಮನೆಯ ಗಟ್ಟಿಮುಟ್ಟಾದ ಹುಡುಗರಿಗೆ, ಬಾಡಿಗೆ ಕಾರಿನ ಚಾಲಕನಿಗೆ ಬಿಟ್ಟಿದ್ದೇವೆ. ಕೈಕಾಲು ಕಟ್ಟಿ, ‘ಮದುವೆಗೆ ಹೋಗೋಣ’ ಎಂದು ಸುಳ್ಳು ಹೇಳಿ, ಕಾಫಿಯಲ್ಲಿ ನಿದ್ದೆಗುಳಿಗೆ ಬೆರೆಸಿ ಕರೆತರುವುದು ಗುಟ್ಟಾಗಿ ಉಳಿದಿಲ್ಲ. ಅವತ್ತಿಗೆ ಕೆಲಸವಾಗುತ್ತದೆ. ಆದರೆ ಆ ಮೋಸವನ್ನು ರೋಗಿ ಮರೆಯುವುದಿಲ್ಲ; ಮುಂದಿನ ಸಲ ಕಾಫಿಯನ್ನೂ ನಂಬುವುದಿಲ್ಲ, ಗುಳಿಗೆಯನ್ನೂ ನಂಬುವುದಿಲ್ಲ.

ಬೇಸರದ ಸಂಗತಿಯೆಂದರೆ ಕಾನೂನು ಈ ದಾರಿಯನ್ನು ಮರೆತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 94ನೇ ಸೆಕ್ಷನ್ ಪ್ರಕಾರ ಪ್ರಾಣಕ್ಕೆ, ದೇಹಕ್ಕೆ ಗಂಭೀರ ಅಪಾಯವಿದ್ದಾಗ ಮನೋವೈದ್ಯರೇ ಆಗಬೇಕೆಂದಿಲ್ಲ, ನೋಂದಾಯಿತ ಯಾವುದೇ ವೈದ್ಯರು, ಆಸ್ಪತ್ರೆಯಲ್ಲಾಗಲಿ ಊರಿನಲ್ಲಾಗಲಿ, 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ರೋಗಿಯ ಪರವಾಗಿ ಮಾತಾಡುವ ‘ನಾಮನಿರ್ದೇಶಿತ ಪ್ರತಿನಿಧಿ’ ಸಿಕ್ಕಿದರೆ ಅವರ ಒಪ್ಪಿಗೆ ಬೇಕು. ಹತ್ತಿರದ ಮಾನಸಿಕ ಆರೋಗ್ಯ ಕೇಂದ್ರಕ್ಕೆ ಸಾಗಿಸುವುದೂ ಈ ಚಿಕಿತ್ಸೆಯ ಭಾಗವೇ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಅಂದರೆ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಒಂದು ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸ್ ಹತ್ತಿಸಿ ಕಳಿಸಲು ಕಾನೂನಿನ ಅಡ್ಡಿಯಿಲ್ಲ. ಅಡ್ಡಿಯಿರುವುದು ಅಭ್ಯಾಸದಲ್ಲಿ, ಭಯದಲ್ಲಿ, ‘ಇದು ನಮ್ಮ ಕೇಸಲ್ಲ’ ಎಂಬ ಮಾತಿನಲ್ಲಿ.

ಪೊಲೀಸರ ಪಾತ್ರವೂ ಅದೇ ಕಾಯ್ದೆಯ 100ನೇ ಸೆಕ್ಷನ್‌ನಲ್ಲಿದೆ. ಬೀದಿಯಲ್ಲಿ ಅಲೆಯುತ್ತಿರುವ, ತನ್ನನ್ನು ತಾನು ನೋಡಿಕೊಳ್ಳಲಾಗದ ವ್ಯಕ್ತಿಯನ್ನು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಇನ್ನೂ ಮುಖ್ಯವಾದದ್ದು 115ನೇ ಸೆಕ್ಷನ್. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ವಿಚಾರಣೆಗೆ, ಶಿಕ್ಷೆಗೆ ಗುರಿಪಡಿಸಬಾರದು ಎನ್ನುತ್ತದೆ ಅದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆಂದಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲ. ಹೀಗಿದ್ದರೂ ‘ಪೊಲೀಸ್ ಕೇಸಾಗುತ್ತದೆ’ ಎಂಬ ಹೆದರಿಕೆಯಿಂದ ‘ತಪ್ಪಿ ಕುಡಿದುಬಿಟ್ಟರು’ ಎಂದು ಕ್ಯಾಶುಯಾಲ್ಟಿಯಲ್ಲಿ ಸುಳ್ಳು ಹೇಳುವ ಮನೆಗಳಿವೆ. ಹೊಟ್ಟೆಗೆ ಚಿಕಿತ್ಸೆ ಸಿಗುತ್ತದೆ; ಮನೋವೈದ್ಯರ ಭೇಟಿ ತಪ್ಪಿಹೋಗುತ್ತದೆ.

ಆಸ್ಪತ್ರೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ನಿಮ್ಹಾನ್ಸ್. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಆದ ಸಂಸ್ಥೆ ಇದು. ಇದರ ಹೆಸರು ಎಷ್ಟು ದೊಡ್ಡದೆಂದರೆ ಬೀದರಿನಿಂದಲೂ ಕಾರವಾರದಿಂದಲೂ ಜನ ರಾತ್ರಿ ಬಸ್ಸು ಹತ್ತಿ ಹೊಸೂರು ರಸ್ತೆಗೆ ಬಂದಿಳಿಯುತ್ತಾರೆ. ಕೆಲವರಿಗೆ ಅದು ಬೇಕೇ ಬೇಕು. ಹಲವರಿಗೆ ಬೇಕಿರಲಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆಸ್ಪತ್ರೆಯಿದೆ, ಮೈಸೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿ, ಶಿವಮೊಗ್ಗಗಳ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಪ್ರತಿ ಜಿಲ್ಲಾ ಆಸ್ಪತ್ರೆಗೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರಬೇಕು. ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಯಮಿತ ಗುಳಿಗೆಗಾಗಿ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬರುವ ಮನೆಗಳಿಗೆ ಈ ಮಂಗಳವಾರ ಗೊತ್ತಿದ್ದರೆ ಎರಡು ದಿನದ ಕೂಲಿ ಉಳಿಯುತ್ತದೆ.

ಇದರ ಹಿಂದೆ ಕರ್ನಾಟಕದ್ದೇ ಒಂದು ಹೆಮ್ಮೆಯ ಅಧ್ಯಾಯವಿದೆ. ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯ ತಂಡ ಎಪ್ಪತ್ತರ ದಶಕದಲ್ಲಿ ಆನೇಕಲ್ ಕಡೆಯ ಸಕಲವಾರದಲ್ಲಿ ಒಂದು ಪ್ರಯೋಗ ಶುರುಮಾಡಿತು: ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಮಾನಸಿಕ ಕಾಯಿಲೆಯನ್ನು ಹಳ್ಳಿಯಲ್ಲೇ ನೋಡಿಕೊಳ್ಳಬಹುದೇ? ಎಂಬತ್ತರ ದಶಕದಲ್ಲಿ ಅದು ಇಡೀ ಬಳ್ಳಾರಿ ಜಿಲ್ಲೆಗೆ ಹರಡಿತು. ಆ ‘ಬಳ್ಳಾರಿ ಮಾದರಿ’ಯನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶಕ್ಕೆ ತಂದಿತು. ದೇಶಕ್ಕೆ ದಾರಿ ತೋರಿಸಿದ ರಾಜ್ಯದಲ್ಲೇ ಎಷ್ಟೋ ಮನೆಗಳಿಗೆ ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇದ್ದಾರೆಂಬುದೇ ತಿಳಿದಿಲ್ಲ. ಇದನ್ನು ಪ್ರಚಾರದ ಕೊರತೆ ಎಂದು ಕರೆದು ಸುಮ್ಮನಾಗಬಹುದು. ಆದರೆ ದೇಶದಲ್ಲಿ ಲಕ್ಷ ಜನಕ್ಕೆ ಮುಕ್ಕಾಲು ಮನೋವೈದ್ಯರೂ ದಾಟದಿರುವಾಗ, ಇದ್ದವರೂ ನಗರಗಳಲ್ಲೇ ನೆಲೆಸಿರುವಾಗ, ಪ್ರಚಾರ ಮಾಡಿದರೆ ಬಂದ ಜನವನ್ನು ನೋಡುವವರು ಯಾರು ಎಂಬ ಪ್ರಶ್ನೆಯೂ ಉಳಿಯುತ್ತದೆ.

ದಾಖಲಾತಿಯ ವಿಷಯದಲ್ಲಿ ಕುಟುಂಬಗಳಿಗೂ ಹೊಸ ಕಾಯ್ದೆಗೂ ತಿಕ್ಕಾಟ ಇದ್ದೇ ಇದೆ. ರೋಗಿ ತಾನಾಗಿ ಒಪ್ಪಿ ಸೇರುವುದೇ ಕಾಯ್ದೆಯ ಮೊದಲ ಆಯ್ಕೆ. ಒಪ್ಪದಿದ್ದರೆ 89ನೇ ಸೆಕ್ಷನ್: ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು, ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ತನಗೋ ಇತರರಿಗೋ ಹಾನಿ ಮಾಡುವ ಅಪಾಯವೋ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯೋ ಇರಬೇಕು. ಅವಧಿ ಗರಿಷ್ಠ 30 ದಿನ. ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಹೋಗುತ್ತದೆ. ‘ಹೊಡೆದಾಡುವ ತನಕ ಕಾಯಬೇಕಾ?’ ಎಂದು ತಂದೆತಾಯಿ ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಆಸ್ತಿಗಾಗಿ, ಜಗಳಕ್ಕಾಗಿ ಹೆಂಡತಿಯನ್ನೋ ತಮ್ಮನನ್ನೋ ಹುಚ್ಚಾಸ್ಪತ್ರೆಗೆ ಹಾಕಿಸುತ್ತಿದ್ದ ಕಾಲವನ್ನು ನೆನೆದರೆ ಕಾಯ್ದೆಯ ಬಿಗಿಯಲ್ಲೂ ನ್ಯಾಯವಿದೆ. ಬಿಕ್ಕಟ್ಟು ಆರಂಭದ ಹಂತದಲ್ಲಿರುವಾಗ, ಇನ್ನೂ ಒಪ್ಪಿಸಿ ಕರೆದೊಯ್ಯಬಹುದಾದ ಆ ವಾರದಲ್ಲಿ, ಮನೆಬಾಗಿಲಿಗೆ ಬರುವ ಒಬ್ಬ ದಾದಿಯೋ ಸಮಾಜಕಾರ್ಯಕರ್ತರೋ ಇದ್ದಿದ್ದರೆ ಈ ಎರಡು ನ್ಯಾಯಗಳು ಇಷ್ಟು ಡಿಕ್ಕಿ ಹೊಡೆಯುತ್ತಿರಲಿಲ್ಲ.

ಕುಟುಂಬವನ್ನು ಆಸ್ಪತ್ರೆಯ ಒಳಗೇ ಸೇರಿಸಿಕೊಂಡದ್ದು ಭಾರತದ ಮನೋವೈದ್ಯಶಾಸ್ತ್ರದ ದೊಡ್ಡ ಕೊಡುಗೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಗುಡಾರ ಹಾಕಿಸಿ ರೋಗಿಯ ಮನೆಯವರನ್ನು ಉಳಿಸಿಕೊಂಡರು. ಮನೆಯವರೇ ಊಟ ಬಡಿಸಿದರು, ಕಾಯಿಲೆಯ ಬಗ್ಗೆ ಕಲಿತರು, ಒಟ್ಟಿಗೇ ಊರಿಗೆ ಮರಳಿದರು. ಆ ಮೇಲೆ ವೆಲ್ಲೂರು, ಬೆಂಗಳೂರುಗಳಲ್ಲೂ ಕುಟುಂಬ ವಾರ್ಡುಗಳು ಬಂದವು. ಇವತ್ತು ಬಹುಪಾಲು ಮಾನಸಿಕ ವಾರ್ಡುಗಳಲ್ಲಿ ಜತೆಗೊಬ್ಬರು ಇರಲೇಬೇಕು. ಆದರೆ ಕಲಿಸುವ ಭಾಗ ಎಷ್ಟೋ ಕಡೆ ಕಳಚಿಹೋಗಿ, ಕಾಯುವ ಭಾಗ ಮಾತ್ರ ಉಳಿದಿದೆ.

ದೇವಸ್ಥಾನ, ದರ್ಗಾಗಳನ್ನು ಬಿಟ್ಟು ಈ ಹುಡುಕಾಟ ಮುಂದೆ ಹೋಗಲಾರದು. ಏಕೆಂದರೆ ಎಷ್ಟೋ ಮನೆಗಳ ಮೊದಲ ತುರ್ತು ಚಿಕಿತ್ಸಾ ವಿಭಾಗ ಅದೇ. ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ದೆವ್ವ ಹಿಡಿದಿದೆ ಎನ್ನಲಾದವರನ್ನು ಮಹಾರಾಷ್ಟ್ರದಿಂದಲೂ ಕರೆತರುತ್ತಾರೆ. ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ನಿಮ್ಹಾನ್ಸ್‌ನವರೇ ಮಾಡಿದ ಒಂದು ಅಧ್ಯಯನ ಓದಬೇಕು. ಡಾ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ತಂಗಿದ್ದ 31 ಮಾನಸಿಕ ರೋಗಿಗಳನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಅಲ್ಲಿ ಹೊಡೆತ, ಸರಪಳಿ ಇರಲಿಲ್ಲ. ಸಣ್ಣಪುಟ್ಟ ಕೆಲಸ, ಜತೆಗೆ ಬಂಧುಗಳು, ಭಯವಿಲ್ಲದ ವಾತಾವರಣ ಇತ್ತು. ಔಷಧವಿಲ್ಲದೆಯೇ ರೋಗಲಕ್ಷಣಗಳ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು. ಇದರ ಮುಂದೆ ಅದೇ ರಾಜ್ಯದ ಏರ್ವಾಡಿಯನ್ನು ಇಡಬೇಕು. 2001ರ ಆಗಸ್ಟ್ 6ರ ಬೆಳಗಿನ ಜಾವ, ದರ್ಗಾದ ಸುತ್ತ ಬೆಳೆದ ಖಾಸಗಿ ‘ಮನೋರೋಗಿ ಗೃಹ’ವೊಂದರ ತೆಂಗಿನಗರಿಯ ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಜನ ಸತ್ತರು. ಯಾವ ರೂಪದಲ್ಲೇ ಆಗಲಿ ಸರಪಳಿ ಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಹರಕೆ ತೀರಿಸುವುದಕ್ಕೂ ಗುಳಿಗೆ ನುಂಗುವುದಕ್ಕೂ ವೈರವಿಲ್ಲ. ಗುಳಿಗೆ ನಿಲ್ಲಿಸಿದರೇ ಹರಕೆ ಫಲಿಸುತ್ತದೆ ಎನ್ನುವ ಕಡೆಯಿಂದ, ಬೀಗ–ಸರಪಳಿ ಕಾಣುವ ಕಡೆಯಿಂದ ಮನೆಯವರು ಆ ಕ್ಷಣವೇ ಹೊರಬರಬೇಕು.

ಇನ್ನು ಎರಡನೆಯ ತುಂಡು ದಾರಿ, ಮರಳಿ ಬರುವುದು. ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ವಾರಗಳೇ ಅತ್ಯಂತ ಅಪಾಯದವು ಎಂಬುದರಲ್ಲಿ ಮನೋವೈದ್ಯರಿಗೆ ಸಂಶಯವಿಲ್ಲ. ಇಲ್ಲಿ ಏನು ಕೆಲಸ ಮಾಡುತ್ತದೆ ಎಂಬುದಕ್ಕೂ ಪುರಾವೆಯಿದೆ, ಅದೂ ದುಬಾರಿಯಲ್ಲದ್ದಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಚೆನ್ನೈಯೂ ಒಂದು ಕೇಂದ್ರವಾಗಿತ್ತು. ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದರ್ಧಕ್ಕೆ ಅದರ ಜತೆ ಒಂದು ಗಂಟೆಯ ತಿಳಿವಳಿಕೆಯ ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನಿನಲ್ಲೋ ಮನೆಗೆ ಹೋಗಿಯೋ ವಿಚಾರಿಸಿದ್ದು. ಇಷ್ಟೇ. ಆತ್ಮಹತ್ಯೆಯಿಂದ ಸತ್ತವರು ಮೊದಲ ಗುಂಪಿನಲ್ಲಿ ಶೇ 2.2, ಎರಡನೆಯದರಲ್ಲಿ ಶೇ 0.2. ‘ಹೇಗಿದ್ದೀರಿ, ಗುಳಿಗೆ ತಗೊಳ್ತಿದ್ದೀರಾ?’ ಎಂದು ಕೇಳಲು ಮನೋವೈದ್ಯರೇ ಬೇಕಿಲ್ಲ. ಆಶಾ ಕಾರ್ಯಕರ್ತೆಯರ ಹೆಗಲ ಮೇಲೆ ಇದನ್ನೂ ಹೇರಬೇಕೆಂದಲ್ಲ, ಅವರ ಹೊರೆ ಈಗಾಗಲೇ ಬಹಳ. ಆದರೆ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಈ ಕೆಲಸಕ್ಕೇ ಒಬ್ಬರನ್ನು ನೇಮಿಸಿದರೆ ಸರ್ಕಾರದ ಬೊಕ್ಕಸ ಬರಿದಾಗುವುದಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಿನಲ್ಲಿ ಗುರುತಿಸಿ, ಸ್ಥಳೀಯವಾಗಿಯೇ ಔಷಧ ಸಿಗುವಂತೆ ಮಾಡಿ, ಬಿಡದೆ ಹಿಂಬಾಲಿಸಿದ ಕೆಲಸವೂ ಇದನ್ನೇ ಹೇಳುತ್ತದೆ. ಚಿಕಿತ್ಸೆ ಸಿಕ್ಕವರ ದಿನನಿತ್ಯದ ಬದುಕು ಸಿಗದವರದಕ್ಕಿಂತ ಸುಧಾರಿಸಿತ್ತು. ದಾವಣಗೆರೆ ಜಿಲ್ಲೆಯಲ್ಲಿ ದೀಪಿಕಾ ಪಡುಕೋಣೆಯವರ ಲಿವ್ ಲವ್ ಲಾಫ್ ಪ್ರತಿಷ್ಠಾನವೂ ಇನ್ನೊಂದು ಸಂಸ್ಥೆಯ ಜತೆ ಇದೇ ಬಗೆಯ ಗ್ರಾಮೀಣ ಕೆಲಸ ಮಾಡಿದೆ.

ಮನೆಯಲ್ಲೇ ಮಾಡಬಹುದಾದದ್ದು ಮುಖ್ಯವಾಗಿ ಎರಡು. ರೋಗಿ ಸಮಾಧಾನವಾಗಿರುವ ದಿನ, ಅವರ ಜತೆಯಲ್ಲೇ ಕೂತು ಒಂದು ಹಾಳೆಯಲ್ಲಿ ಬರೆಯುವುದು: ಕೆಟ್ಟ ದಿನ ಬರುವ ಮುನ್ಸೂಚನೆ ಏನು, ಆಗ ಮನಸ್ಸು ಬೇರೆಡೆ ತಿರುಗಲು ಏನು ಮಾಡುತ್ತಾರೆ, ಯಾರ ಜತೆ ಮಾತಾಡುತ್ತಾರೆ, ಯಾವ ಆಸ್ಪತ್ರೆ, ಯಾವ ನಂಬರು. ಅಮೆರಿಕದ ಆಸ್ಪತ್ರೆಗಳಲ್ಲಿ ಇಂಥ ಸುರಕ್ಷಾ ಯೋಜನೆಯನ್ನು ಬರೆಸಿ ಫೋನಿನಲ್ಲಿ ವಿಚಾರಿಸುತ್ತ ಬಂದಾಗ ಆರು ತಿಂಗಳಲ್ಲಿ ಆತ್ಮಹತ್ಯೆಯ ನಡವಳಿಕೆ ಶೇ 45ರಷ್ಟು ಕಡಿಮೆ ಕಂಡುಬಂತು. ಎರಡನೆಯದು, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಇಡುವುದು. ಗುಳಿಗೆಯ ಪೊಟ್ಟಣ ಮನೆಯ ಇನ್ನೊಬ್ಬರ ಬಳಿ ಇರಲಿ, ಕೀಟನಾಶಕ ಮನೆಯೊಳಗೆ ಇರುವುದೇ ಬೇಡ. ತಮಿಳುನಾಡಿನ ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಲಕ್ಷ್ಮಿ ವಿಜಯಕುಮಾರ್ ತಂಡ ಬ್ಯಾಂಕಿನ ಲಾಕರಿನಂತೆ ಎರಡು ಕೀಲಿಯ ಪೆಟ್ಟಿಗೆಗಳಲ್ಲಿ ರೈತರ ಕೀಟನಾಶಕವನ್ನು ಒಂದೇ ಕಡೆ ಇಡುವ ವ್ಯವಸ್ಥೆ ಮಾಡಿತ್ತು. ಅಲ್ಲಿ ಆತ್ಮಹತ್ಯೆಗಳು ಇಳಿದವು. ಸಾಯುವ ತೀರ್ಮಾನ ಬಹಳ ಸಲ ಕೆಲವೇ ನಿಮಿಷಗಳ ಆವೇಗ. ಆ ನಿಮಿಷಗಳು ಕಳೆದುಹೋದರೆ ಹೆಚ್ಚಿನವರು ಬದುಕುತ್ತಾರೆ.

ವಿದ್ಯಾರ್ಥಿಗಳ ವಿಷಯದಲ್ಲಿ ಬದಲಾವಣೆ ಬಂದದ್ದು ಆಸ್ಪತ್ರೆಯ ಹೊರಗಿನಿಂದ. ಫೇಲಾದವರಿಗೆ ವರ್ಷ ವ್ಯರ್ಥವಾಗದಂತೆ ತಕ್ಷಣ ಮರುಪರೀಕ್ಷೆ ಕೊಟ್ಟ ತಮಿಳುನಾಡಿನಲ್ಲಿ ಪರೀಕ್ಷೆಯ ಸೋಲಿನಿಂದಾದ ಸಾವುಗಳು ಕಡಿಮೆಯಾದವು. ಕರ್ನಾಟಕವೂ 2023–24ರಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ತಂದಿತು. ಮೌಲ್ಯ ಕುಸಿಯಿತೆಂದು ಗೊಣಗುವವರು ಈ ಲೆಕ್ಕವನ್ನೂ ನೋಡಬೇಕು. 2025ರ ಜುಲೈನಲ್ಲಿ ಸುಕ್‌ದೇಬ್ ಸಾಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಕಾಲೇಜು, ಕೋಚಿಂಗ್ ಕೇಂದ್ರಗಳಿಗೆಲ್ಲ ಅನ್ವಯಿಸುವ ಹದಿನೈದು ಮಾರ್ಗಸೂಚಿಗಳನ್ನು ಕೊಟ್ಟಿತು. ಟೆಲಿ ಮಾನಸ್ ಮುಂತಾದ ಸಹಾಯವಾಣಿಗಳ ಸಂಖ್ಯೆ ಹಾಸ್ಟೆಲಿನಲ್ಲಿ, ತರಗತಿಯಲ್ಲಿ ಎದ್ದುಕಾಣುವಂತಿರಬೇಕು ಎಂಬುದೂ ಅದರಲ್ಲಿದೆ. ಮಕ್ಕಳನ್ನು ಮಂಗಳೂರು, ಮೂಡುಬಿದಿರೆ ಕಡೆಯ ವಸತಿ ಕಾಲೇಜುಗಳಿಗೆ ಸೇರಿಸುವ ಪೋಷಕರು ಶುಲ್ಕದ ಜತೆ ಆಪ್ತಸಮಾಲೋಚಕರು ಇದ್ದಾರೆಯೇ ಎಂದೂ ಕೇಳಬಹುದು.

ಹೀಗೆಲ್ಲ ಓಡಾಡುವ ಮನೆಯವರನ್ನು ನೋಡಿಕೊಳ್ಳುವವರು ಯಾರು? ಬೆಂಗಳೂರಿನಲ್ಲಿ ನಿರ್ಮಲಾ ಶ್ರೀನಿವಾಸನ್ ಮುಂದಾಳತ್ವದಲ್ಲಿ ಹುಟ್ಟಿದ ‘ಅಮೆಂಡ್’, ರೋಗಿಗಳ ತಂದೆತಾಯಿ, ಒಡಹುಟ್ಟಿದವರದೇ ಕೂಟ. ತಜ್ಞರಿಗೆ ಹೇಳಲಾಗದ ‘ಒಂದೊಂದು ಸಲ ಇವನು ಸತ್ತರೇ ವಾಸಿ ಅನ್ನಿಸುತ್ತೆ’ ಎಂಬ ಮಾತನ್ನು ಇಂಥ ಕಡೆ ಮಾತ್ರ ಹೇಳಿ ಹಗುರಾಗಬಹುದು. ಕನ್ನಡದಲ್ಲೇ ಓದಬೇಕೆನ್ನುವವರಿಗೆ ನಿಮ್ಹಾನ್ಸ್‌ನ ನಿವೃತ್ತ ಪ್ರಾಧ್ಯಾಪಕ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಬರೆದ ಸರಳ ಪುಸ್ತಕಗಳ ರಾಶಿಯೇ ಇದೆ; 2024ರಲ್ಲಿ ಪದ್ಮಶ್ರೀ ಪಡೆದ ಅವರು ಬೆಂಗಳೂರಿನಲ್ಲಿ ‘ಸಮಾಧಾನ’ ಎಂಬ ಉಚಿತ ಆಪ್ತಸಲಹಾ ಕೇಂದ್ರವನ್ನೂ ಕಟ್ಟಿದರು. ಜಿಲ್ಲೆಗಳಲ್ಲಿ ಸರ್ಕಾರದ ‘ಮಾನಸಧಾರ’ ಹಗಲು ಆರೈಕೆ ಕೇಂದ್ರಗಳಿವೆ. ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಅಷ್ಟು ಹೊತ್ತು ಅಮ್ಮನಿಗೆ ಸಂತೆಗೆ ಹೋಗಲು, ಒಂದು ನಿದ್ದೆ ಮಾಡಲು ಸಿಗುತ್ತದೆ.

ದುಡ್ಡಿನ ವಿಷಯದಲ್ಲಿ ಕೇಳಿ ಪಡೆಯಬೇಕಾದ ಹಕ್ಕುಗಳಿವೆ. 2017ರ ಕಾಯ್ದೆ ದೇಹದ ಕಾಯಿಲೆಗೆ ಸಮನಾಗಿ ಮಾನಸಿಕ ಕಾಯಿಲೆಗೂ ಆರೋಗ್ಯ ವಿಮೆ ಕೊಡಲೇಬೇಕೆಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2018ರಲ್ಲೂ 2022ರಲ್ಲೂ ಕಂಪನಿಗಳಿಗೆ ಸೂಚನೆ ಕೊಟ್ಟಿದೆ. ಏಜೆಂಟರು ‘ಇದು ಕವರ್ ಆಗಲ್ಲ’ ಎಂದರೆ ಲಿಖಿತವಾಗಿ ಕೊಡಿ ಎನ್ನಬಹುದು. ದೀರ್ಘಕಾಲದ ಮಾನಸಿಕ ಕಾಯಿಲೆ 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಬಗೆಗಳಲ್ಲಿ ಒಂದು. ಶೇ 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿದ್ದರೆ ಮಾಸಾಶನಕ್ಕೆ ದಾರಿಯಾಗುತ್ತದೆ. ಮಗಳ ಮದುವೆಗೆ ತೊಡಕಾದೀತೆಂದು ಈ ಪ್ರಮಾಣಪತ್ರವನ್ನೇ ಮಾಡಿಸದ ಮನೆಗಳಿವೆ.

ಎಲ್ಲಕ್ಕಿಂತ ಕೊನೆಗೆ ಬರುವ ಪ್ರಶ್ನೆ, ‘ನಾವು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ?’ ಆಸ್ಪತ್ರೆಗೂ ಸ್ವಂತ ಮನೆಗೂ ನಡುವಿನ ‘ಅರ್ಧದಾರಿಯ ಮನೆ’ಗಳನ್ನು, ಆಸರೆಯ ವಸತಿಗಳನ್ನು ಸರ್ಕಾರ ಒದಗಿಸಬೇಕೆಂದು ಕಾಯ್ದೆಯಲ್ಲಿದೆ. ಕುಟುಂಬವಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳಬಾರದೆಂದೂ ಇದೆ. ರಿಚ್ಮಂಡ್ ಫೆಲೋಶಿಪ್‌ನಂತಹ ಸಂಸ್ಥೆಗಳು ಬೆಂಗಳೂರಿನಲ್ಲಿ ಇಂಥ ವಸತಿಗಳನ್ನು ಬಹಳ ಹಿಂದೆಯೇ ಕಟ್ಟಿದವು. ರಾಯಚೂರಿನವರಿಗೆ, ಚಾಮರಾಜನಗರದವರಿಗೆ ಅವು ದೂರ. ಈ ನಡುವೆ ತಂದೆತಾಯಿ ಮಾಡಿಸಿಡಬಹುದಾದ ಒಂದು ಕೆಲಸ ನಾಮನಿರ್ದೇಶಿತ ಪ್ರತಿನಿಧಿಯ ಪತ್ರ. ಮಗನೋ ಮಗಳೋ ಸ್ಥಿಮಿತದಲ್ಲಿರುವ ದಿನ, ಯಾರು ತನ್ನ ಪರವಾಗಿ ಆಸ್ಪತ್ರೆಯಲ್ಲಿ ಮಾತಾಡಬೇಕು ಎಂದು ಅವರೇ ಬಿಳಿ ಹಾಳೆಯ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ಯಾವಾಗ ಬೇಕಾದರೂ ಬದಲಾಯಿಸಬಹುದು. ವಯಸ್ಸಾದ ಅಪ್ಪನ ಹೆಸರಿನ ಜಾಗಕ್ಕೆ ತಂಗಿಯದೋ ಸ್ನೇಹಿತನದೋ ಹೆಸರು ಬರುವುದಾದರೆ, ಆ ಮಾತು ಮನೆಯಲ್ಲಿ ಆಗಬೇಕಾದದ್ದು ಮುಂದಿನ ಬಿಕ್ಕಟ್ಟಿಗೆ ಮೊದಲು.